ಸಜ್ಜನನ ಅಧಿಕಾರಕ್ಕೂ ಅಂಕೆಯೇಕೆ?

ಕಳೆದ ಶ್ರಾವಣಮಾಸದಲ್ಲಿ ನಮ್ಮ ಶಹಾಪುರದ ಮಠದೊಳಗೆ ವಚನಚಿಂತನೆಯು ಮುಗಿದು, ಸದ್ಭಕ್ತರು ಪ್ರಸಾದಕ್ಕಾಗಿ ಪಂಕ್ತಿಯಲ್ಲಿ ಕುಳಿತುಕೊಳ್ಳುವ ಮೊದಲು, ವೃದ್ಧರಾದ ನೇಕಾರರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಒಂದು ಪ್ರಶ್ನೆಯನ್ನು ಕೇಳಿದರು. ಅವರ ಮೊಮ್ಮಗನು ನನ್ನ ವಿದ್ಯಾರ್ಥಿ. ಹಿಂದಿನ ರಾತ್ರಿ ಅವನು ಪೌರನೀತಿಯ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದುದನ್ನು ಅವರು ಮಗ್ಗದ ಮುಂದೆ ಕುಳಿತೇ ಕೇಳಿಸಿಕೊಂಡಿದ್ದರಂತೆ.

"ಗುರುಗಳ, ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಅಂತ ಹುಡುಗ ಮೂರು ಹೇಳತಾನ್ರಿ. ಒಬ್ಬರ ಮ್ಯಾಲ ಒಬ್ಬರು ಕಾವಲಂತ. ಕಳ್ಳರಿಗೆ ಕಾವಲು ಬೇಕು, ಖರೆ. ಆದರ ಬಸವಣ್ಣನವರಂಥಾ ಪುಣ್ಯಾತ್ಮರು ಒಬ್ಬರು ಸಿಕ್ಕರ, ಎಲ್ಲಾ ಅವರ ಕೈಯಾಗ ಕೊಟ್ಟು ನಾವು ನಿಶ್ಚಿಂತಿಯಿಂದ ಇರಬಾರದೇನ್ರಿ?"

ನಾನು ಆಗ ಏನೋ ಒಂದು ಉತ್ತರವನ್ನು ಹೇಳಿದೆನು. ಅಷ್ಟರಲ್ಲಿ ಪ್ರಸಾದದ ಕರೆಯು ಬಂದಿತು. ಆ ಉತ್ತರದಿಂದ ಅವರಿಗೆ ಸಮಾಧಾನವಾಯಿತೋ ಇಲ್ಲವೋ, ನನಗಂತೂ ಆಗಲಿಲ್ಲ. ಮೂವತ್ತು ವರ್ಷಗಳಿಂದ ಈ ಪಾಠವನ್ನು ಹೇಳುತ್ತ ಬಂದವನು ನಾನು. ಶಾಸಕಾಂಗವು ಕಾಯಿದೆಯನ್ನು ರಚಿಸುವುದು, ಕಾರ್ಯಾಂಗವು ಅದನ್ನು ಆಚರಣೆಗೆ ತರುವುದು, ನ್ಯಾಯಾಂಗವು ಅದರ ಅರ್ಥವನ್ನು ನಿರ್ಣಯಿಸುವುದು ಎಂದು ಮಕ್ಕಳಿಂದ ಬಾಯಿಪಾಠ ಮಾಡಿಸಿ ಪರೀಕ್ಷೆಯಲ್ಲಿ ಅಂಕಗಳನ್ನು ಕೊಟ್ಟಿದ್ದೇನೆ. ಮೂರು ಏಕೆ, ಒಂದೇ ಏಕಾಗಬಾರದು ಎಂದು ಯಾವ ಹುಡುಗನೂ ಕೇಳಲಿಲ್ಲ. ಕೇಳದುದನ್ನು ನಾನೂ ಹೇಳಲಿಲ್ಲ. ನೇಕಾರ ಹಿರಿಯರ ಪ್ರಶ್ನೆಯು ಮೇಲುನೋಟಕ್ಕೆ ರಾಜ್ಯಶಾಸ್ತ್ರದ್ದೆಂದು ತೋರಿದರೂ ವಾಸ್ತವದಲ್ಲಿ ಅದು ಧರ್ಮದ ಪ್ರಶ್ನೆಯೇ ಆಗಿದೆ. ಅಂಕೆಯು ದುರ್ಜನನಿಗೆ ಮಾತ್ರವೋ, ಸಜ್ಜನನಿಗೂ ಬೇಕೋ? ಬೇಕೆಂದರೆ ಅದು ಸಜ್ಜನನಿಗೆ ಮಾಡಿದ ಅವಮಾನವಾಗುವುದಿಲ್ಲವೇ? ಈ ಲೇಖನವನ್ನು ಆ ಹಿರಿಯರಿಗೆ ಕೊಡಬೇಕಾಗಿದ್ದ ಉತ್ತರವೆಂದು ವಾಚಕರು ಭಾವಿಸಬೇಕು.

ಮೊದಲು ಶಬ್ದದ ವಿಚಾರ. ಸರಕಾರದ ಈ ಮೂರು ಭಾಗಗಳಿಗೆ ನಮ್ಮವರು 'ಅಂಗ'ವೆಂಬ ಹೆಸರನ್ನಿಟ್ಟರು. ಅಂಗವೆಂಬುದು ನಮಗೆ ಪರಿಚಿತವಾದ ಶಬ್ದವೇ. ಪ್ರಾಚೀನ ನೀತಿಶಾಸ್ತ್ರದಲ್ಲಿಯೂ ರಾಜ್ಯಕ್ಕೆ ಅಂಗಗಳುಂಟು. ಕೌಟಿಲ್ಯನು ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂದು ಏಳನ್ನು ಎಣಿಸಿದನು. ಅಲ್ಲಿ ಮೊದಲನೆಯ ಅಂಗವೇ ಸ್ವಾಮಿ, ಎಂದರೆ ಅರಸನು. ಕೋಶವು ಅವನದು, ದಂಡವು ಅವನ ಕೈಯಲ್ಲಿಯದು. ನ್ಯಾಯಕ್ಕೆ ಪ್ರತ್ಯೇಕವಾದ ಅಂಗವನ್ನು ಆ ಏಳರಲ್ಲಿ ಕಾಣಲಾರೆವು. ಅರಸನು ಧರ್ಮವನ್ನರಿತವನಾಗಿರಬೇಕು, ಇಂದ್ರಿಯಗಳನ್ನು ಜಯಿಸಿದವನಾಗಿರಬೇಕು ಎಂದು ಶಾಸ್ತ್ರವು ವಿಧಿಸುವುದು, ನಿಜ. ಆದರೆ ಆಗದಿದ್ದರೆ ಏನು ಮಾಡತಕ್ಕದ್ದು ಎಂಬಲ್ಲಿ ಶಾಸ್ತ್ರವು ಪ್ರಜೆಗೆ ಹಿಡಿದುಕೊಳ್ಳಲು ಗಟ್ಟಿಯಾದ ಕೋಲನ್ನು ಕೊಡುವುದಿಲ್ಲ. 1950ರ ಜನವರಿ 26ರಿಂದ ಜಾರಿಗೆ ಬಂದ ನಮ್ಮ ಸಂವಿಧಾನದಲ್ಲಿ ಈ ಸ್ವಾಮಿಯೆಂಬ ಅಂಗವೇ ಇಲ್ಲ. ಇರುವ ಮೂರರಲ್ಲಿ ಯಾವುದೂ ತಾನೇ ದೇಹವೆಂದು ಹೇಳಿಕೊಳ್ಳುವಂತಿಲ್ಲ. ಅಂಗ-ಲಿಂಗಗಳ ತತ್ವವನ್ನು ಇಲ್ಲಿಗೆ ಎಳೆದುತಂದು ಬೆಸೆಯುವ ಆಶೆಯು ನಮ್ಮಂಥ ಪಂಡಿತಮ್ಮನ್ಯರಿಗೆ ಸಹಜವಾಗಿ ಹುಟ್ಟುವುದು. ಅದನ್ನು ನಾನು ಬಲವಂತದಿಂದ ತಡೆದುಕೊಂಡಿದ್ದೇನೆ.

ಈಗ ನನ್ನದೇ ಒಂದು ಅಪರಾಧವನ್ನು ಹೇಳಬೇಕಾಗಿದೆ. ಅನೇಕ ವರ್ಷಗಳ ಹಿಂದೆ ನಾನು ಬೇರೊಂದು ಊರಿನಲ್ಲಿ ವಿದ್ಯಾರ್ಥಿಗಳ ಪ್ರಸಾದನಿಲಯದ ಮೇಲ್ವಿಚಾರಕನಾಗಿದ್ದೆನು. ಭಕ್ತರು ಕೊಟ್ಟ ದವಸವು ಉಗ್ರಾಣದಲ್ಲಿ ಇರುತ್ತಿದ್ದಿತು. ವಿದ್ಯಾರ್ಥಿಗಳಾರೂ ಅದರೊಳಗೆ ಕಾಲಿಡಕೂಡದೆಂಬ ನಿಯಮವನ್ನು ನಾನೇ ಮಾಡಿದೆನು. ಒಂದು ದಿನ ನಸುಕಿನಲ್ಲಿ ಹುಡುಗನೊಬ್ಬನು ಉಗ್ರಾಣದಿಂದ ಹೊರಗೆ ಬರುತ್ತಿದ್ದುದನ್ನು ನಾನೇ ಕಂಡೆನು. ಅವನ ಅಂಗಿಯ ಸೆರಗಿನಲ್ಲಿ ಬೆಲ್ಲದ ಹೆಂಟೆಯಿದ್ದಿತು. ಅವನು ಕಳ್ಳನೆಂದು ನಾನೇ ತೀರ್ಮಾನಿಸಿದೆನು. ಎಂಟು ದಿವಸ ಮನೆಗೆ ಹೋಗೆಂದು ನಾನೇ ಶಿಕ್ಷೆಯನ್ನು ವಿಧಿಸಿ, ಗಂಟು ಕಟ್ಟಿಸಿ, ಬಸ್ಸಿನವರೆಗೆ ಕಳಿಸಿದವನೂ ನಾನೇ. ಅವನು ಏನೋ ಹೇಳಲು ಬಾಯಿ ತೆರೆದನು. ತಪ್ಪು ಮಾಡಿ ವಾದಿಸಬೇಡವೆಂದು ಬಾಯಿ ಮುಚ್ಚಿಸಿದೆನು.

ಮೂರನೆಯ ದಿವಸ ಅಡುಗೆಯವನು ತನ್ನ ಊರಿನಿಂದ ಮರಳಿ ಬಂದನು. ಜ್ವರದಿಂದ ಮಲಗಿದ್ದ ಚಿಕ್ಕ ಹುಡುಗನೊಬ್ಬನಿಗೆ ಬೆಲ್ಲದ ನೀರನ್ನು ಕಾಯಿಸಿ ಕೊಡುವಂತೆ ತಾನೇ ಆ ಹುಡುಗನಿಗೆ ಹೇಳಿ ಹೋಗಿದ್ದೆನೆಂದು ತಿಳಿಸಿದನು. ನಾನು ಹುಡುಗನ ಮನೆಗೆ ಹೋಗಿ ತಂದೆತಾಯಿಗಳ ಮುಂದೆ ತಪ್ಪೊಪ್ಪಿಕೊಂಡು ಅವನನ್ನು ಕರೆದು ತಂದೆನು. ಅವನು ಬಂದನು, ಓದಿದನು, ತೇರ್ಗಡೆಯಾದನು. ಆದರೆ ಆ ದಿನದ ನಂತರ ನನ್ನ ತರಗತಿಯಲ್ಲಿ ಅವನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ನಾನು ಕ್ರೂರಿಯಾಗಿರಲಿಲ್ಲ; ಮಕ್ಕಳು ನನ್ನನ್ನು ಮೆದುಮನಸ್ಸಿನ ಮಾಸ್ತರನೆಂದೇ ಕರೆಯುತ್ತಿದ್ದರು. ಆಶೆಬುರುಕನೂ ಆಗಿರಲಿಲ್ಲ. ಉಗ್ರಾಣದ ಧಾನ್ಯವು ಭಕ್ತರ ಬೆವರಿನದೆಂಬ ಭಯಭಕ್ತಿಯೇ ನನ್ನನ್ನು ಆ ಕೆಲಸಕ್ಕೆ ಪ್ರೇರಿಸಿತು. ಹಾಗಾದರೆ ತಪ್ಪು ಎಲ್ಲಿಂದ ಬಂದಿತು? ನಿಯಮ ಮಾಡಿದವನು, ಅದನ್ನು ಕಾಯುವವನು, ಸಾಕ್ಷಿ ನುಡಿದವನು, ತೀರ್ಪು ಕೊಟ್ಟವನು ಎಲ್ಲರೂ ಒಬ್ಬನೇ ಆದುದರಿಂದ ಬಂದಿತು. ಹುಡುಗನು ಯಾರ ಕಡೆಗೆ ತಿರುಗಿ ನೋಡಿದರೂ ಅಲ್ಲಿ ನನ್ನ ಮುಖವೇ ಇದ್ದಿತು.

ಈ ದೃಷ್ಟಿಯಿಂದ ಕಲ್ಯಾಣದ ಕಥೆಯನ್ನು ಮತ್ತೊಮ್ಮೆ ನೆನೆದುಕೊಳ್ಳೋಣ. ಬಿಜ್ಜಳನನ್ನು ನಾವು ನಾಟಕಗಳಲ್ಲಿ ಮೀಸೆ ತಿರುವುವ ರಾಕ್ಷಸನನ್ನಾಗಿ ಮಾಡಿಬಿಟ್ಟಿದ್ದೇವೆ. ಆದರೆ ಬಸವಣ್ಣನವರ ಯೋಗ್ಯತೆಯನ್ನು ಗುರುತಿಸಿ ಭಂಡಾರವನ್ನು ಅವರಿಗೆ ಒಪ್ಪಿಸಿದವನು, ಶರಣರ ಸಮೂಹವು ಕಲ್ಯಾಣದಲ್ಲಿ ನೆಲೆಯೂರಿ ಬೆಳೆಯುವುದನ್ನು ಬಹುಕಾಲ ಸಹಿಸಿದವನು ಇದೇ ಬಿಜ್ಜಳನೇ ಎಂಬುದನ್ನು ಮರೆಯಲಾಗದು. ಅಂಥವನ ಮುಂದೆ ಒಂದು ದೂರು ಬಂದಿತು. ಸಮಗಾರ ಕಾಯಕದ ಹರಳಯ್ಯನವರ ಮಗನಿಗೂ, ಬ್ರಾಹ್ಮಣ ಕುಲದಿಂದ ಬಂದ ಮಧುವರಸರ ಮಗಳಿಗೂ ವಿವಾಹವಾಯಿತು. ಇದು ವರ್ಣಸಂಕರವೆಂದು ಸಂಪ್ರದಾಯಸ್ಥರು ಅರಸನ ಕಿವಿಯನ್ನು ತುಂಬಿದರು. ವಿವಾಹವು ಅಪರಾಧವೆಂಬ ಕಟ್ಟಳೆಯೂ ಅರಸನದೇ, ವಿಚಾರಣೆಯೂ ಅರಸನದೇ, ಆನೆಯೂ ಅರಸನದೇ. ಇಬ್ಬರು ಶರಣರೂ ಎಳೆಹೂಟೆಯ ಶಿಕ್ಷೆಗೆ ಗುರಿಯಾದರೆಂದು ನಮ್ಮ ಪುರಾಣಗಳು ಹೇಳುವುವು. ಆ ತೀರ್ಪಿನ ರಾತ್ರಿ ಹರಳಯ್ಯನವರ ಪತ್ನಿ ಕಲ್ಯಾಣಮ್ಮನವರು ಯಾವ ಬಾಗಿಲನ್ನು ತಟ್ಟಬಹುದಾಗಿತ್ತು? ಇಡೀ ಕಲ್ಯಾಣದಲ್ಲಿ ಅಂಥ ಒಂದು ಬಾಗಿಲು ಇರಲಿಲ್ಲ. ಭಂಡಾರಿಯಾಗಿದ್ದ ಬಸವಣ್ಣನವರೂ ಅರಸನ ಮನಸ್ಸನ್ನು ತಿರುಗಿಸಲಾರದೆ ಹೋದರು. ಕಲ್ಯಾಣದ ದುರಂತವನ್ನು ಒಬ್ಬ ಅರಸನ ದುಷ್ಟತನವೆಂದು ಬರೆದು ಮುಗಿಸಿದರೆ ಅರ್ಧವನ್ನು ಮಾತ್ರ ಬರೆದಂತಾಗುವುದು.

ನೇಕಾರ ಹಿರಿಯರು ಬಿಜ್ಜಳನ ಮಾತನ್ನು ಎತ್ತಿರಲಿಲ್ಲ, ಬಸವಣ್ಣನವರ ಮಾತನ್ನು ಎತ್ತಿದ್ದರು. ಅದಕ್ಕೂ ಉತ್ತರವು ಶರಣರ ಚರಿತ್ರೆಯಲ್ಲಿಯೇ ಉಂಟು. ಬಸವಣ್ಣನವರು ಭಂಡಾರದ ಹಣವನ್ನು ಜಂಗಮರಿಗಾಗಿ ವ್ಯಯಿಸುತ್ತಿರುವರೆಂದು ಕೊಂಡೆಯರು ದೂರಿದರು. ಅರಸನು ಲೆಕ್ಕವನ್ನು ಕೇಳಿದನು. ಎಣಿಸಿ ನೋಡಲಾಗಿ ಹೊನ್ನು ಕಡಿಮೆಯಾಗಿರಲಿಲ್ಲ. ಈ ಪ್ರಸಂಗವನ್ನು ನಾವು ಪವಾಡವೆಂದು ಕೇಳಿ ಕೈಮುಗಿಯುತ್ತೇವೆ. ನನ್ನ ಮನಸ್ಸು ನಿಲ್ಲುವುದು ಪವಾಡಕ್ಕಿಂತ ಮೊದಲಿನ ಕ್ಷಣದಲ್ಲಿ. ನನ್ನಂಥವನಿಂದ ಲೆಕ್ಕವೇ ಎಂದು ಬಸವಣ್ಣನವರು ಮುನಿದುಕೊಂಡು ಬೀಗದಕೈಯನ್ನು ಬಿಸಾಡಿ ಹೋಗಲಿಲ್ಲ. ಭಂಡಾರವನ್ನು ತೆರೆದು ಎಣಿಸಿಕೊಳ್ಳಿರೆಂದರು. ಲೆಕ್ಕ ಕೇಳುವುದು ಅವಮಾನವೆಂದು ಅವರಿಗೆ ತೋರಲಿಲ್ಲ. ಇಂದು ಸರಕಾರದ ಖರ್ಚುವೆಚ್ಚಗಳನ್ನು ನಿಯಂತ್ರಕ ಮತ್ತು ಮಹಾಲೇಖಪಾಲರು ಪರಿಶೋಧಿಸುತ್ತಾರೆ. ರಾಜ್ಯದ ಲೆಕ್ಕದ ವರದಿಯು ರಾಜ್ಯಪಾಲರ ಮೂಲಕ ಶಾಸನಸಭೆಯ ಮುಂದೆ ಬರುವುದು. ಅದನ್ನು ಸಾರ್ವಜನಿಕ ಲೆಕ್ಕಪತ್ರ ಸಮಿತಿಯು ಪರಿಶೀಲಿಸುವುದು. ಆ ಸಮಿತಿಯ ಅಧ್ಯಕ್ಷತೆಯನ್ನು ವಿರೋಧಪಕ್ಷದವರಿಗೆ ಕೊಡುವ ಪದ್ಧತಿಯಿದೆ. ಲೆಕ್ಕವನ್ನು ನೋಡುವವನು ಖರ್ಚು ಮಾಡಿದವನ ಬಳಗದವನಾಗಿರಬಾರದೆಂಬುದೇ ಇದರ ಇಂಗಿತವು.

ಇದಕ್ಕಿಂತ ಸೂಕ್ಷ್ಮವಾದುದು ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗ. ಪತಿ ಮಾರಯ್ಯನವರು ಬಸವಣ್ಣನವರ ಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಬಂದಿತು. ಲಕ್ಕಮ್ಮನವರು ಒಪ್ಪಲಿಲ್ಲ. ಅಗತ್ಯಕ್ಕೆ ಮೀರಿದುದನ್ನು ಅಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳಿಸಿದರು. ಈ ಕಥೆಯನ್ನು ಹೇಳುವಾಗ ಮಾರಯ್ಯನವರ ತಪ್ಪನ್ನು ಮಾತ್ರ ತೋರಿಸುವುದು ರೂಢಿ. ಆದರೆ ಹೆಚ್ಚು ಅಕ್ಕಿಯನ್ನು ಬೇಕೆಂದೇ ಚೆಲ್ಲಿಸಿದವರು ಯಾರು? ಬಸವಣ್ಣನವರೇ ಎಂದು ಕಥೆಯು ಹೇಳುವುದು. ಬಡವರ ಮೇಲಿನ ಕರುಣೆಯಿಂದಲೋ ಪರೀಕ್ಷೆಗಾಗಿಯೋ ಚೆಲ್ಲಿಸಿರಲಿ, ಅದು ಸಜ್ಜನನೇ ಮಾಡಿದ ಕಾರ್ಯ. ಆ ಸಜ್ಜನನ ಔದಾರ್ಯಕ್ಕೂ ಗುಡಿಸಲಿನ ಹೆಣ್ಣುಮಗಳೊಬ್ಬಳು ಮಿತಿಯನ್ನು ಹಾಕಿದಳು, ಸಜ್ಜನನು ತಲೆಬಾಗಿದನು. ಬಸವಣ್ಣನವರಂಥವರು ಸಿಕ್ಕರೆ ಎಲ್ಲವನ್ನೂ ಅವರ ಕೈಗೆ ಕೊಟ್ಟುಬಿಡೋಣವೆಂದು ಕೇಳುವವರಿಗೆ, ಬಸವಣ್ಣನವರ ಕಾಲದ ಶರಣರೇ ಹಾಗೆ ಕೊಟ್ಟುಬಿಡಲಿಲ್ಲವೆಂದು ಹೇಳಬೇಕಾಗಿದೆ. ಸಜ್ಜನನಿಗೆ ಅಂಕೆಯು ಹೆಚ್ಚಾಗಿಯೇ ಬೇಕು ಎಂದೂ ನನಗೆ ಒಮ್ಮೊಮ್ಮೆ ಅನಿಸುವುದು. ದುರ್ಜನನನ್ನು ಜನರು ತಾವಾಗಿಯೇ ಸಂಶಯಿಸುತ್ತಾರೆ. ಸಜ್ಜನನ ತಪ್ಪನ್ನು ಯಾರೂ ಹುಡುಕುವುದಿಲ್ಲ, ಅವನೂ ಹುಡುಕಿಕೊಳ್ಳುವುದಿಲ್ಲ.

ಅನುಭವಮಂಟಪವು ಜಗತ್ತಿನ ಮೊದಲ ಪಾರ್ಲಿಮೆಂಟು ಎಂಬ ಮಾತು ಈಗ ಸಭೆಸಭೆಗಳಲ್ಲಿ ಕೇಳಬರುತ್ತಿದೆ. ಅಭಿಮಾನಕ್ಕೆ ನಾನು ಅಡ್ಡಬರಲಾರೆ. ಆದರೂ ಮಂಟಪವು ತೆರಿಗೆಯನ್ನು ಹಾಕಲಿಲ್ಲ, ಕಾಯಿದೆಯನ್ನು ಮಾಡಲಿಲ್ಲ, ಮಂತ್ರಿಯನ್ನು ಇಳಿಸಲಿಲ್ಲ. ಅಲ್ಲಿ ನಡೆದುದು ಬೇರೆ, ಅದಕ್ಕಿಂತ ಕಷ್ಟವಾದುದು. ಯಾವ ಕಾಯಕದವನಾದರೂ ಯಾವ ಹಿರಿಯನನ್ನಾದರೂ ಪ್ರಶ್ನಿಸಬಹುದಾಗಿತ್ತು, ಹಿರಿಯನು ಉತ್ತರಿಸಬೇಕಾಗಿತ್ತು. ಊರಿನ ತುಂಬ ಕೆರೆ ದೇಗುಲಗಳನ್ನು ಕಟ್ಟಿಸಿ ಕೀರ್ತಿವಂತರಾಗಿದ್ದ ಸೊನ್ನಲಿಗೆಯ ಸಿದ್ಧರಾಮರನ್ನೂ ಅಲ್ಲಮಪ್ರಭುಗಳು ಪ್ರಶ್ನಿಸದೆ ಬಿಡಲಿಲ್ಲ. ಮೊದಲನೆಯದೆಂಬ ಬಿರುದಿಗಿಂತ ಈ ಪ್ರಶ್ನೆಯ ಅಭ್ಯಾಸವು ನಮಗೆ ಬಂದಿದೆಯೇ ಎಂಬುದನ್ನು ನೋಡಿಕೊಳ್ಳುವುದು ಲೇಸು.

ಇನ್ನು ನಮ್ಮ ಊರಿನ ಕಡೆಗೆ ಬರೋಣ. ಶಹಾಪುರವು ಇಂದು ಬೆಳಗಾವಿ ನಗರದ ಒಂದು ಭಾಗವಾಗಿದೆ. ಆದರೆ ಸ್ವಾತಂತ್ರ್ಯಪೂರ್ವದಲ್ಲಿ ಇದು ಸಾಂಗಲಿ ಸಂಸ್ಥಾನಕ್ಕೆ ಸೇರಿದ ಊರು. ಪಕ್ಕದ ಬೆಳಗಾವಿಯೂ ಖಾನಾಪುರವೂ ಇಂಗ್ಲಿಷರ ಮುಂಬಯಿ ಇಲಾಖೆಯವು. ನಡೆದು ಹೋಗುವಷ್ಟು ಅಂತರದಲ್ಲಿ ಎರಡು ಸರಕಾರಗಳು. ಇತ್ತ ಸಂಸ್ಥಾನಿಕರ ದರಬಾರಿನ ಆಜ್ಞೆಯೇ ಕೊನೆಯದು. ಅತ್ತ ಮಾಮಲೇದಾರನೇ ಕಂದಾಯವನ್ನು ವಸೂಲು ಮಾಡುವವನು, ಅವನೇ ಮ್ಯಾಜಿಸ್ಟ್ರೇಟನು. ಕಂದಾಯದ ತಂಟೆಯಿದ್ದ ರೈತನು ಫೌಜದಾರಿ ಮೊಕದ್ದಮೆಯಲ್ಲಿ ಅದೇ ಮನುಷ್ಯನ ಮುಂದೆ ಕೈಕಟ್ಟಿ ನಿಲ್ಲಬೇಕಾಗುತ್ತಿದ್ದಿತು. 1948ರಲ್ಲಿ ಸಾಂಗಲಿಯು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಸಂವಿಧಾನದ 50ನೆಯ ಅನುಚ್ಛೇದವು ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಬೇಕೆಂದು ಹೇಳಿದ ಮೇಲೆ, ಮುಂಬಯಿ ಸರಕಾರವು 1951ರಲ್ಲಿಯೇ ಆ ಬಗೆಗೆ ಒಂದು ಕಾಯಿದೆಯನ್ನು ಮಾಡಿತು. ದೇಶದಲ್ಲೆಲ್ಲ ಇದು ವ್ಯವಸ್ಥಿತವಾದುದು 1974ರ ಏಪ್ರಿಲ್ 1ರಿಂದ ಜಾರಿಗೆ ಬಂದ ದಂಡಪ್ರಕ್ರಿಯಾ ಸಂಹಿತೆಯಿಂದ. ನಮ್ಮ ಅಜ್ಜಂದಿರು ಕಚೇರಿಯ ಮೆಟ್ಟಿಲನ್ನು ಏರುವಾಗ ಪಡುತ್ತಿದ್ದ ನಡುಕದ ಅರ್ಧವು ಈ ಬೇರ್ಪಾಡಿನಿಂದ ಹೋಯಿತೆಂದರೆ ಅತಿಶಯೋಕ್ತಿಯಲ್ಲ.

ಈ ಮೂರು ಅಂಗಗಳು ಪರಸ್ಪರ ಹೇಗೆ ಅಂಕೆಯಲ್ಲಿರುವುವು ಎಂಬುದನ್ನು ಸಂಕ್ಷೇಪವಾಗಿ ಹೇಳುವೆನು. ಕರ್ನಾಟಕದ ವಿಧಾನಸಭೆಗೆ 224 ಚುನಾಯಿತ ಸದಸ್ಯರು. ವಿಧಾನಪರಿಷತ್ತಿಗೆ 75 ಸದಸ್ಯರು. ಮಂತ್ರಿಮಂಡಲವು ಸಾಮೂಹಿಕವಾಗಿ ವಿಧಾನಸಭೆಗೆ ಹೊಣೆಯಾಗಿರುವುದು. ಸಭೆಯ ವಿಶ್ವಾಸವು ತಪ್ಪಿದ ದಿನ ಮಂತ್ರಿಯ ಖುರ್ಚಿಯೂ ತಪ್ಪುವುದು. ಸಭೆಯು ಮಾಡಿದ ಕಾಯಿದೆಯು ಸಂವಿಧಾನಕ್ಕೆ ವಿರುದ್ಧವಾಗಿದ್ದರೆ ಉಚ್ಚ ನ್ಯಾಯಾಲಯವಾಗಲಿ ಸರ್ವೋಚ್ಚ ನ್ಯಾಯಾಲಯವಾಗಲಿ ಅದನ್ನು ರದ್ದುಪಡಿಸಬಹುದು. ನ್ಯಾಯಾಧೀಶನಾದರೂ ನಿರಂಕುಶನಲ್ಲ. ತೆರೆದ ಬಾಗಿಲಿನಲ್ಲಿ ವಿಚಾರಣೆ ನಡೆಸಿ ಕಾರಣಗಳನ್ನು ಬರೆದು ತೀರ್ಪು ಕೊಡಬೇಕು. ಆ ತೀರ್ಪಿನ ಮೇಲೆ ಮೇಲ್ಮನವಿಯುಂಟು. ತೀರ್ಪು ಬರುವಷ್ಟರಲ್ಲಿ ತಲೆಮಾರು ಸವೆಯುವುದಲ್ಲಾ ಎಂದು ಓದುಗರು ಗೊಣಗಿದರೆ, ಆ ಗೊಣಗಾಟವು ಸಕಾರಣವಾದುದು. ತಡವಾದ ನ್ಯಾಯಕ್ಕಾಗಿ ಮನೆಮಾರು ಕಳೆದುಕೊಂಡವರನ್ನು ನಾನೂ ಬಲ್ಲೆನು. ಮೊದಲು ಉಚ್ಚ ನ್ಯಾಯಾಲಯಕ್ಕಾಗಿ ಬೆಂಗಳೂರಿನವರೆಗೆ ಅಲೆಯುತ್ತಿದ್ದ ನಮ್ಮ ಭಾಗದವರಿಗೆ 2008ರಲ್ಲಿ ಧಾರವಾಡದ ಸಂಚಾರಿ ಪೀಠವು ಬಂದು, 2013ರಲ್ಲಿ ಅದು ಕಾಯಂ ಆದುದು ಒಂದು ಸಮಾಧಾನ.

ಅಂಕೆಯು ಹೇಗೆ ಕೆಲಸ ಮಾಡುವುದೆಂಬುದಕ್ಕೆ ನಮ್ಮ ಸೀಮೆಯವರೇ ಆದ ಎಸ್. ಆರ್. ಬೊಮ್ಮಾಯಿಯವರ ಪ್ರಕರಣಕ್ಕಿಂತ ಉತ್ತಮ ದೃಷ್ಟಾಂತವು ನನಗೆ ತೋರದು. ಅವಿಭಕ್ತ ಧಾರವಾಡ ಜಿಲ್ಲೆಯ ಶಿಗ್ಗಾಂವಿ ತಾಲೂಕಿನ ಕಾರಡಗಿಯಲ್ಲಿ ಹುಟ್ಟಿದ ಅವರು 1988ರ ಆಗಸ್ಟಿನಲ್ಲಿ ಮುಖ್ಯಮಂತ್ರಿಗಳಾದರು. ಮರುವರ್ಷ ಏಪ್ರಿಲಿನಲ್ಲಿ ಕೆಲವು ಶಾಸಕರು ಬೆಂಬಲವನ್ನು ಹಿಂತೆಗೆದುಕೊಂಡಿರುವರೆಂದು ರಾಜ್ಯಪಾಲರಿಗೆ ಪತ್ರಗಳು ತಲುಪಿದವು. ಆ ಶಾಸಕರಲ್ಲಿ ಕೆಲವರು ಮರುದಿನವೇ ತಾವು ಹಾಗೆ ಮಾಡಿಲ್ಲವೆಂದು ತಿಳಿಸಿದರು. ಸಭೆಯನ್ನು ಕರೆಯಿರಿ, ಅಲ್ಲಿಯೇ ಬಹುಮತವನ್ನು ತೋರಿಸುವೆನೆಂದು ಬೊಮ್ಮಾಯಿಯವರು ಬೇಡಿಕೊಂಡರು. ರಾಜ್ಯಪಾಲರು ಒಪ್ಪದೆ ವರದಿಯನ್ನು ದಿಲ್ಲಿಗೆ ಕಳಿಸಿದರು. 1989ರ ಏಪ್ರಿಲ್ 21ರಂದು 356ನೆಯ ಅನುಚ್ಛೇದದ ಮೇರೆಗೆ ಸರಕಾರವು ವಜಾ ಆಯಿತು, ವಿಧಾನಸಭೆಯೂ ವಿಸರ್ಜಿತವಾಯಿತು. ಬೊಮ್ಮಾಯಿಯವರು ಕರ್ನಾಟಕದ ಉಚ್ಚ ನ್ಯಾಯಾಲಯಕ್ಕೆ ಹೋದರು, ಅಲ್ಲಿ ಸೋತರು. ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ತೀರ್ಪನ್ನು ಕೊಟ್ಟಿತು. ಸರಕಾರಕ್ಕೆ ಬಹುಮತವಿದೆಯೋ ಇಲ್ಲವೋ ಎಂಬುದು ರಾಜ್ಯಪಾಲರ ಕೋಣೆಯಲ್ಲಿ ಅಲ್ಲ, ಸದನದಲ್ಲಿಯೇ ಪರೀಕ್ಷಿತವಾಗತಕ್ಕದ್ದು; ರಾಷ್ಟ್ರಪತಿಗಳ ಘೋಷಣೆಯೂ ನ್ಯಾಯಾಲಯದ ಪರಿಶೀಲನೆಗೆ ಅತೀತವಲ್ಲ. ಕರ್ನಾಟಕದ ವಜಾ ಅಸಾಂವಿಧಾನಿಕವೆಂದು ಅಲ್ಲಿ ನಿರ್ಣಯವಾಯಿತು.

ಆದರೆ ಅಷ್ಟರಲ್ಲಿ ಐದು ವರ್ಷಗಳು ಕಳೆದಿದ್ದವು. ಚುನಾವಣೆಯಾಗಿ ಬೇರೆ ಸರಕಾರವು ಬಂದಿದ್ದಿತು. ಬೊಮ್ಮಾಯಿಯವರಿಗೆ ಕಳೆದುಕೊಂಡ ಪದವಿಯು ಮರಳಿ ದೊರೆಯಲಿಲ್ಲ. ಆ ತೀರ್ಪಿನ ಪ್ರಯೋಜನವನ್ನು ಪಡೆದವರು ಬೇರೆ ರಾಜ್ಯಗಳ, ಬೇರೆ ಪಕ್ಷಗಳ, ಅವರಿಗೆ ಪರಿಚಯವೇ ಇಲ್ಲದ ಮುಖ್ಯಮಂತ್ರಿಗಳು. ಮರವನ್ನು ನೆಟ್ಟವನಿಗೆ ನೆರಳು ದೊರೆಯದೆ ದಾರಿಹೋಕರಿಗೆ ದೊರೆತಂತಾಯಿತು. ದಾಸೋಹವೆಂಬ ಶಬ್ದವನ್ನು ಅನ್ನಕ್ಕೆ ಮಾತ್ರ ಮೀಸಲಾಗಿಡಬೇಕೆಂದೇನೂ ಇಲ್ಲವಷ್ಟೆ.

ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಶ್ರೀಗಳ ಪ್ರಕರಣವೂ ಇಂಥದೇ. ಕೇರಳದ ಭೂಸುಧಾರಣಾ ಕಾಯಿದೆಯಿಂದ ಮಠದ ಭೂಮಿಗೆ ಬಂದ ಆತಂಕಕ್ಕಾಗಿ ಅವರು 1970ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 1973ರ ಏಪ್ರಿಲ್ 24ರಂದು ಹದಿಮೂರು ನ್ಯಾಯಮೂರ್ತಿಗಳ ಪೀಠವು, ಏಳಕ್ಕೆ ಆರರ ಬಹುಮತದಿಂದ, ಪಾರ್ಲಿಮೆಂಟು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲಸ್ವರೂಪವನ್ನು ಕೆಡಿಸಲಾಗದು ಎಂದಿತು. ಗಡಿಯಾಚೆಯ ಕನ್ನಡ ನೆಲದ ಒಂದು ಮಠವು ತನ್ನ ಹೊಲದ ಚಿಂತೆಯಿಂದ ಎತ್ತಿದ ಪ್ರಶ್ನೆಯು ಇಡೀ ದೇಶದ ಶಾಸಕಾಂಗಕ್ಕೆ ಒಂದು ಎಲ್ಲೆಯನ್ನು ಹಾಕಿತು.

ಎಲ್ಲೆಯ ಮಾತು ಬಂದ ಮೇಲೆ ನಮ್ಮ ಗಡಿಯ ಮಾತನ್ನು ಬಿಟ್ಟು ಮುಂದೆ ಹೋಗುವುದು ಬೆಳಗಾವಿಯವನಿಗೆ ಸಾಧ್ಯವಿಲ್ಲ. 2022ರ ಡಿಸೆಂಬರಿನಲ್ಲಿ ನನ್ನ ತರಗತಿಯಲ್ಲಿ ನಡೆದುದನ್ನು ಹೇಳುವೆನು. ಆ ತಿಂಗಳ 22ರಂದು ನಮ್ಮ ಸುವರ್ಣ ವಿಧಾನಸೌಧದಲ್ಲಿ ಕೂಡಿದ ಕರ್ನಾಟಕದ ವಿಧಾನಸಭೆಯು ಗಡಿಯ ವಿಷಯವಾಗಿ ಸರ್ವಾನುಮತದ ನಿರ್ಣಯವನ್ನು ಮಾಡಿತು. 27ರಂದು ನಾಗಪುರದಲ್ಲಿ ಮಹಾರಾಷ್ಟ್ರದ ವಿಧಾನಸಭೆಯೂ ಸರ್ವಾನುಮತದಿಂದಲೇ ಅದಕ್ಕೆ ವಿರುದ್ಧವಾದ ನಿರ್ಣಯವನ್ನು ಮಾಡಿತು. ನನ್ನ ತರಗತಿಯಲ್ಲಿ ಮನೆಯಲ್ಲಿ ಕನ್ನಡವನ್ನಾಡುವ ಮಕ್ಕಳೂ ಇದ್ದಾರೆ, ಮರಾಠಿಯನ್ನಾಡುವ ಮಕ್ಕಳೂ ಇದ್ದಾರೆ. ಎರಡನ್ನೂ ಆಡುವವರೇ ಹೆಚ್ಚು. ಖಾನಾಪುರದ ಕಡೆಯಿಂದ ಬರುವ ಹುಡುಗಿಯೊಬ್ಬಳು ಎದ್ದು ನಿಂತು, "ಗುರುಗಳ, ಎರಡೂ ಸಭೆಯಾಗ ಎಲ್ಲಾರೂ ಕೈ ಎತ್ಯಾರ. ಹಂಗಾದ್ರ ಖರೆ ಯಾವುದ್ರಿ?" ಎಂದು ಕೇಳಿದಳು.

ನನಗೊಂದು ಪಕ್ಷವುಂಟು, ಅದನ್ನು ಮುಚ್ಚಿಡುವುದಿಲ್ಲ. 1956ರ ನವೆಂಬರ್ 1ರ ಪುನರ್ವಿಂಗಡಣೆಯಿಂದ ಬೆಳಗಾವಿಯು ಕನ್ನಡ ರಾಜ್ಯದಲ್ಲಿದೆ, ಇಲ್ಲಿಯೇ ಇರತಕ್ಕದ್ದು ಎಂದು ನಾನು ನಂಬಿದವನು. ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನ್ ಅವರ ಆಯೋಗವೂ 1967ರಲ್ಲಿ ಬೆಳಗಾವಿ ನಗರದ ವಿಷಯದಲ್ಲಿ ಹಾಗೆಯೇ ಹೇಳಿತು. ಕೆಲವು ಊರುಗಳು ಅತ್ತ, ಕೆಲವು ಇತ್ತ ಎಂದೂ ಹೇಳಿತು. ಕರ್ನಾಟಕವು ಅದನ್ನು ಒಪ್ಪಿತು, ಮಹಾರಾಷ್ಟ್ರವು ಒಪ್ಪಲಿಲ್ಲ. ಆದರೆ ಆ ಹುಡುಗಿಯ ಪ್ರಶ್ನೆಗೆ ನನ್ನ ಪಕ್ಷವು ಉತ್ತರವಾಗಲಾರದು. ನಾನು ಕಪ್ಪು ಹಲಗೆಯ ಮೇಲೆ ಎರಡು ಶಬ್ದಗಳನ್ನು ಬರೆದೆನು: ನಿರ್ಣಯ, ಶಾಸನ. ನಿರ್ಣಯವೆಂಬುದು ಸಭೆಯ ಅಭಿಪ್ರಾಯ. ಅದಕ್ಕೆ ಗೌರವವುಂಟು, ಕಾಯಿದೆಯ ಬಲವಿಲ್ಲ. ರಾಜ್ಯದ ಎಲ್ಲೆಯನ್ನು ಬದಲಿಸುವ ಶಾಸನವನ್ನು ಮಾಡುವ ಅಧಿಕಾರವು 3ನೆಯ ಅನುಚ್ಛೇದದ ಮೇರೆಗೆ ಪಾರ್ಲಿಮೆಂಟಿಗೆ ಮಾತ್ರ ಇದೆ; ಸಂಬಂಧಪಟ್ಟ ರಾಜ್ಯದ ಶಾಸನಸಭೆಯ ಅಭಿಪ್ರಾಯವನ್ನು ಕೇಳಬೇಕು, ಅಷ್ಟೆ. ರಾಜ್ಯ ರಾಜ್ಯಗಳ ನಡುವೆ ಹಕ್ಕಿನ ವ್ಯಾಜ್ಯವುಂಟಾದರೆ 131ನೆಯ ಅನುಚ್ಛೇದದಂತೆ ಅದು ನೇರವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗುವುದು. ಮಹಾರಾಷ್ಟ್ರವು 2004ರಲ್ಲಿ ಅಲ್ಲಿಯೇ ದಾವೆಯನ್ನು ಹೂಡಿತು.

"ಎರಡೂ ಸಭೆಗಳು ವಾದಿ ಪ್ರತಿವಾದಿಗಳು, ತಂಗಿ. ತನ್ನ ವ್ಯಾಜ್ಯದಲ್ಲಿ ತಾನೇ ಪಂಚನಾಗಿ ಕುಳಿತವನು ಎಷ್ಟು ಕೈಗಳನ್ನು ಎತ್ತಿಸಿದರೂ ಅದು ತೀರ್ಪಾಗದು" ಎಂದೆನು. ಹಾಗೆನ್ನುವಾಗ ಬೆಲ್ಲದ ಹೆಂಟೆಯು ಕಣ್ಣ ಮುಂದೆ ಬಂದಿತು. ಆ ದಿವಸ ಕನ್ನಡ ಮರಾಠಿಯ ಮಕ್ಕಳು ಒಟ್ಟಿಗೆ ಕುಳಿತು ಬುತ್ತಿಯನ್ನು ಬಿಚ್ಚಿದರು. ಪಾಠದಿಂದಲೇ ಹಾಗಾಯಿತೆಂದು ನಾನು ಹೇಳುವುದಿಲ್ಲ. ಅವರು ದಿನಾಲೂ ಹಾಗೆಯೇ ಕುಳಿತುಕೊಳ್ಳುವವರು.

ಕೊನೆಯದಾಗಿ ಗೃಹಸ್ಥರಾದ ನಮ್ಮ ನಡವಳಿಕೆಯ ಬಗೆಗೆ ಒಂದೆರಡು ಮಾತುಗಳನ್ನು ಆಡಬೇಕಾಗಿದೆ; ಕಹಿಯಾದರೆ ಕ್ಷಮೆಯಿರಲಿ. ಸಂವಿಧಾನವು ಮೂರು ಬಾಗಿಲುಗಳನ್ನು ಮಾಡಿಕೊಟ್ಟರೂ ನಾವು ಒಂದೇ ಬಾಗಿಲಿಗೆ ಹೋಗಿ ನಿಲ್ಲುತ್ತೇವೆ. ಪಡಿತರ ಚೀಟಿಗೂ ಶಾಸಕರು, ಪಹಣಿಯ ತಿದ್ದುಪಡಿಗೂ ಶಾಸಕರು, ಮಗನ ವರ್ಗಾವಣೆಗೂ ಶಾಸಕರು, ಪೊಲೀಸ್ ಠಾಣೆಯ ಮಾತಿಗೂ ಶಾಸಕರು. ಶಾಸಕನ ನಿಜವಾದ ಕಾಯಕವು ಕಾಯಿದೆಯನ್ನು ತೂಗಿ ನೋಡುವುದು, ಮಂತ್ರಿಗೆ ಲೆಕ್ಕ ಕೇಳುವುದು. ಸದನದಲ್ಲಿ ಅವರು ಎಷ್ಟು ಪ್ರಶ್ನೆಗಳನ್ನು ಕೇಳಿದರೆಂದು ನಮ್ಮಲ್ಲಿ ಯಾರೂ ವಿಚಾರಿಸುವುದಿಲ್ಲ. ಮದುವೆಗೆ ಬಂದರೋ ಇಲ್ಲವೋ ಎಂಬುದನ್ನು ಮಾತ್ರ ವಿಚಾರಿಸುತ್ತೇವೆ. ಹೀಗೆ ಮಾಡಿ ಮಾಡಿ ನಾವೇ ಅವರನ್ನು ಸಣ್ಣ ಸಂಸ್ಥಾನಿಕರನ್ನಾಗಿ ಮಾಡಿದ್ದೇವೆ. ಮಾಮಲೇದಾರ ಕಚೇರಿಯಲ್ಲಿ ಅರ್ಜಿಯನ್ನು ಕೊಟ್ಟು ಸ್ವೀಕೃತಿಯನ್ನು ಪಡೆಯುವ ಹಕ್ಕು ನಮಗಿದೆ. 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಸಾಮಾನ್ಯವಾಗಿ ಮೂವತ್ತು ದಿವಸಗಳಲ್ಲಿ ಉತ್ತರವನ್ನು ಕೇಳುವ ಹಕ್ಕಿದೆ. ಕೊಡದಿದ್ದರೆ ಮೇಲ್ಮನವಿಯಿದೆ. ಇವನ್ನು ಬಿಟ್ಟು ಕೃಪೆಯನ್ನು ಬೇಡಲು ಹೋದವನು ಮುಂದೆ ಆ ಕೃಪೆ ಕೊಟ್ಟವನಿಂದ ಲೆಕ್ಕವನ್ನು ಹೇಗೆ ಕೇಳಿಯಾನು? ಲಕ್ಕಮ್ಮನವರು ಹೆಚ್ಚಿನ ಅಕ್ಕಿಯನ್ನು ಇಟ್ಟುಕೊಂಡಿದ್ದರೆ ಮರುದಿನ ಮಹಾಮನೆಯ ಮುಂದೆ ತಲೆಯೆತ್ತಿ ನಿಲ್ಲುತ್ತಿದ್ದರೇ?

ನಮ್ಮ ಮಠಗಳ ಜಗುಲಿಗೂ ಈ ರೋಗವು ಅಂಟಿಕೊಳ್ಳುತ್ತಿರುವುದನ್ನು ಮಠದ ಅನ್ನವನ್ನುಂಡವನಾದ ನಾನು ಹೇಳದಿದ್ದರೆ ದ್ರೋಹವಾದೀತು. ಬುದ್ಧಿಯವರು ಮಂತ್ರಿಗಳಿಗೆ ಒಂದು ಮಾತು ಹೇಳಿದರೆ ಕೆಲಸವಾಗುವುದೆಂದು ಭಕ್ತರು ಬಂದು ಕುಳಿತುಕೊಳ್ಳುತ್ತಾರೆ. ಪಾಲುವಾಟ್ನಿಯ ವ್ಯಾಜ್ಯವನ್ನು ಗುರುಗಳ ಸನ್ನಿಧಿಯಲ್ಲಿ ರಾಜಿ ಮಾಡಿಕೊಳ್ಳುವುದು ಒಳ್ಳೆಯದೇ. ಎರಡೂ ಕಡೆಯವರು ಮನಸಾರೆ ಒಪ್ಪಿ ಬಂದಿದ್ದರೆ. ಆದರೆ ಅರ್ಹತೆಯಿಲ್ಲದವನಿಗೆ ಗುರುವಿನ ಒಂದು ಮಾತಿನಿಂದ ದೊರೆತ ನೌಕರಿಯು ಅರ್ಹನಾದ ಯಾವನೋ ಬಡವನ ಮಗನಿಂದ ಕಸಿದುಕೊಂಡದ್ದೆಂಬುದು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ನೇಕಾರ ಹಿರಿಯರಿಗೆ ಇಷ್ಟನ್ನೆಲ್ಲ ನಾನು ಬಾಯಿಂದ ಹೇಳಲಿಲ್ಲ. ನಮ್ಮ ಈಗಿನ ಶಾಲೆಯ ಉಗ್ರಾಣದ ಲೆಕ್ಕದ ಪುಸ್ತಕವು ಕೆಲವು ವರ್ಷಗಳಿಂದ ಇಬ್ಬರು ವಿದ್ಯಾರ್ಥಿಗಳ ಕೈಯಲ್ಲಿದೆ. ತಿಂಗಳಿಗೊಮ್ಮೆ ಬೇರೆ ಇಬ್ಬರು ಬರುತ್ತಾರೆ. ವಿದ್ಯಾರ್ಥಿಯ ಮೇಲೆ ದೂರನ್ನು ತಂದ ಶಿಕ್ಷಕನು ಆ ದೂರನ್ನು ವಿಚಾರಿಸುವ ಜಾಗದಲ್ಲಿ ಕುಳಿತುಕೊಳ್ಳುವಂತಿಲ್ಲ. ಇದರಿಂದ ಶಿಕ್ಷಕರ ಮರ್ಯಾದೆಯು ಕಡಿಮೆಯಾಗುವುದೆಂದು ನಮ್ಮ ಸಹೋದ್ಯೋಗಿಗಳಲ್ಲಿ ಕೆಲವರು ಇಂದಿಗೂ ಹೇಳುತ್ತಾರೆ. ಕಳೆದ ತಿಂಗಳು ಪುಸ್ತಕವು ಅದೇ ಹಿರಿಯರ ಮೊಮ್ಮಗನ ಪಾಳಿಗೆ ಬಂದಿದ್ದಿತು. ಒಂದು ಸಂಜೆ ಅವನು ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ನನ್ನ ಕೋಣೆಯ ಬಾಗಿಲಿನಲ್ಲಿ ನಿಂತನು.

"ಗುರುಗಳ, ಸೋಮವಾರ ಎರಡು ಸೇರು ಅಕ್ಕಿ ಕಡಿಮಿ ಬರಾಕತ್ಯಾವ್ರಿ. ಅಡುಗಿ ಅಣ್ಣಾರು ನೀವು ಒಯ್ದೀರಿ ಅಂದ್ರು."

ಅಂದು ಪರಸ್ಥಳದಿಂದ ಇಬ್ಬರು ಜಂಗಮರು ಬಂದಿದ್ದರು. ಅವರ ಪ್ರಸಾದಕ್ಕೆಂದು ನಾನೇ ತೆಗೆಸಿಕೊಟ್ಟಿದ್ದೆನು. ಬರೆಸುವುದನ್ನು ಮರೆತಿದ್ದೆನು. ಹಾಗೆಂದು ಹೇಳಿದೆನು.

"ಹಂಗಾದ್ರ ಇಲ್ಲಿ ಬರೀರಿ" ಎಂದು ಅವನು ಹಾಳೆಯನ್ನು ತೆರೆದು, ಪೆನ್ನನ್ನು ನನ್ನ ಕೈಗೆ ಕೊಟ್ಟನು.